ಸ್ಪೀಕರ್ ಮ್ಯಾಗ್ನೆಟ್ಟಿನಿಂದ ಎಕ್ಸ್-ರೇ ಲೇಸರ್?

ಪ್ರಶ್ನೆ: ಎಲೆಕ್ಟ್ರಾನ್ ವೇಗವರ್ಧಕದಿಂದ (ಎಲೆಕ್ಟ್ರಾನುಗಳನ್ನು ಭಾರಿ ವೇಗಕ್ಕೆ ಏರಿಸುವ ಯಂತ್ರದಿಂದ) ಲೇಸರ್ ಬರಿಸಲು ಸ್ಪೀಕರಿನಲ್ಲಿರುವಂಥ ಮ್ಯಾಗ್ನೆಟ್ಟೇ ಬಳಸುತ್ತಾರೆ ಅಂತ ಓದಿದೆ. ನಿಜವೇ? ಮ್ಯಾಗ್ನೆಟ್ ಒಳ್ಳೆಯದಿದ್ದರೆ ಯಂತ್ರ ಚಿಕ್ಕದಾಗುವುದು ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಹಾವೇರಿ

ಉತ್ತರ: ನಿಜ. ಅದೇ ನಿಯೋಡಿಮಿಯಮ್-ಕಬ್ಬಿಣ-ಬೋರಾನ್ ಜಾತಿ. ನನಗೆ ತುಂಬ ಇಷ್ಟದ ವಿಷಯ ಕೇಳಿದ್ದೀರಿ.

ಮೇಲೊಂದು, ಕೆಳಗೊಂದು ಮ್ಯಾಗ್ನೆಟ್ ಸಾಲು. ಉತ್ತರ, ದಕ್ಷಿಣ, ಮತ್ತೆ ಉತ್ತರ, ಹೀಗೆ ಅದಲುಬದಲು. ಇದೇ ಅಂಡ್ಯುಲೇಟರ್. ನಡುವಿನ ಸಂದಿಯಲ್ಲಿ ಎಲೆಕ್ಟ್ರಾನುಗಳು ಹಾವಿನ ಹಾಗೆ ಓಲಾಡುತ್ತ ಓಡುತ್ತವೆ, ಬೆಳಕು ಚೆಲ್ಲುತ್ತವೆ. ಆ ಬೆಳಕೇ ಅವನ್ನು ಗುಂಪುಗೂಡಿಸುತ್ತದೆ. ಗುಂಪು ಒಂದೇ ತಾಳದಲ್ಲಿ ಹೊಳೆದರೆ ಲೇಸರ್.

ಒಂದು ಓಲಾಟದ ಉದ್ದ ಕಡಿಮೆಯಾದಷ್ಟೂ ಕಡಿಮೆ ಶಕ್ತಿಯ ಎಲೆಕ್ಟ್ರಾನ್ ಸಾಕು, ಅಂದರೆ ಗಿಡ್ಡ ವೇಗವರ್ಧಕ ಸಾಕು. ಜಪಾನಿನ ಸಾಕ್ಲಾ ಎಂಬ ಎಕ್ಸ್-ರೇ ಲೇಸರ್ ಯಂತ್ರದಲ್ಲಿ ಒಂದು ಓಲಾಟ 18 ಮಿ.ಮೀ. 8 ಗಿಗಾ ಎಲೆಕ್ಟ್ರಾನ್‌ವೋಲ್ಟ್ (ಎಲೆಕ್ಟ್ರಾನ್ ಶಕ್ತಿಯ ಅಳತೆ) ಶಕ್ತಿಯಲ್ಲೇ ಎಕ್ಸ್-ರೇ ಲೇಸರ್ ಬರುತ್ತದೆ, ಇಡೀ ಯಂತ್ರ ಸುಮಾರು 700 ಮೀಟರ್. ಜರ್ಮನಿಯ ಹ್ಯಾಂಬರ್ಗಿನಲ್ಲಿರುವ ಇದೇ ಬಗೆಯ ಯಂತ್ರ ಯುರೋಪಿಯನ್ ಎಕ್ಸ್‌ಫೆಲ್ 3.4 ಕಿ.ಮೀ. ಅಲ್ಲಿ ಓಲಾಟ 40 ಮಿ.ಮೀ. (ಆ ಯಂತ್ರ ಉದ್ದವಾಗಲು ಬೇರೆ ಕಾರಣಗಳೂ ಇವೆ.)

ಹಾಗಾದರೆ ಇನ್ನೂ ಸಣ್ಣದು ಮಾಡಬಹುದಲ್ವಾ? ಕಷ್ಟ ಇರುವುದೇ ಅಲ್ಲಿ. ಸಾಧ್ಯವಾದರೆ ಹಳೆ ಹಾರ್ಡ್‌ಡಿಸ್ಕಿನ ಮ್ಯಾಗ್ನೆಟ್ ಕೈಯಲ್ಲಿ ಹಿಡಿದು ನೋಡಿ. ಸ್ಕ್ರೂಡ್ರೈವರಿಗೆ ಅಂಟಿದರೆ ಬಿಡಿಸಲು ಒದ್ದಾಡಬೇಕು, ಬೆರಳು ಸಿಕ್ಕಿದರೆ ಜಜ್ಜಿಹೋಗುತ್ತದೆ. ಸ್ವಲ್ಪ ದೂರ ಸರಿಸಿ, ಸೆಳೆತವೇ ಇಲ್ಲ. ಧ್ರುವಗಳು ಒತ್ತೊತ್ತಾದಷ್ಟೂ ಕಾಂತಕ್ಷೇತ್ರ ದೂರ ಹೋದಂತೆ ಬೇಗ ಸೊರಗುತ್ತದೆ. ಅದಕ್ಕೇ ಸಾಕ್ಲಾದವರು ಮ್ಯಾಗ್ನೆಟ್ಟನ್ನು ನಿರ್ವಾತ ಕೊಳವೆಯ ಒಳಗೇ ಇಟ್ಟು, ಸಂದಿಯನ್ನು ಕೆಲವೇ ಮಿಲಿಮೀಟರಿಗೆ ಇಳಿಸಿದರು. ಸಾಮಾನ್ಯ ತಾಮ್ರದ ತಂತಿ ಸುತ್ತಿದ ವಿದ್ಯುತ್ಕಾಂತಕ್ಕೆ ಅಷ್ಟು ಕಿರಿದಾದ ಜಾಗದಲ್ಲಿ ಬೇಕಾದಷ್ಟು ತಂತಿ ಹಿಡಿಸುವುದಿಲ್ಲ.

ಇಷ್ಟು ಹತ್ತಿರ ಇಟ್ಟರೆ ಇನ್ನೊಂದು ತಾಪತ್ರಯ: ದಾರಿ ತಪ್ಪಿದ ಎಲೆಕ್ಟ್ರಾನ್ ಬಡಿದು ಕಾಂತತ್ವ ಕುಂದುತ್ತದೆ. ಸಮೇರಿಯಮ್-ಕೋಬಾಲ್ಟ್ ಎಂಬ ಇನ್ನೊಂದು ಜಾತಿಯ ಮ್ಯಾಗ್ನೆಟ್ ಇದನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಲ ಕಡಿಮೆ. ತಣ್ಣಗಾಗಿಸುವುದು ಜಾಣ ಉಪಾಯ. ತಂಪಾದರೆ ನಿಯೋಡಿಮಿಯಮ್ಮಿಗೆ ಬಲವೂ ಜಾಸ್ತಿ, ತಾಳಿಕೆಯೂ ಜಾಸ್ತಿ. ಆದರೆ ಸುಮಾರು ಮೈನಸ್ 130 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಒಳಗಿನ ಕಾಂತದಿಕ್ಕು ವಾಲಲು ಶುರುವಾಗಿ ಕ್ಷೇತ್ರ ಇಳಿಯುತ್ತದೆ. ನಿಯೋಡಿಮಿಯಮ್ಮಿನ ಬದಲು ಪ್ರಾಸಿಯೋಡಿಮಿಯಮ್ ಎಂಬ ಲೋಹ ಹಾಕಿದರೆ ಈ ತೊಂದರೆ ಇಲ್ಲ, ದ್ರವ ನೈಟ್ರೋಜನ್ನಿನ ಮೈನಸ್ 196ರಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಯಂತ್ರ ಚಿಕ್ಕದಾಗಬೇಕಾದರೆ ಇಂಥ ವಸ್ತುಗಳ ಮೇಲೇ ದುಡಿಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಲ್ಲೂ ಇದೆ. ತಿಪಟೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಜಾ ರಾಮಣ್ಣನವರ ಹೆಸರಿನ ಇಂದೂರಿನ ಕೇಂದ್ರದಲ್ಲಿ ಇದೇ ಬಗೆಯ ಅವಕೆಂಪು ಲೇಸರ್ ಇದೆ. ಎಂ.ಎಸ್ಸಿ.ಗೆ ಭೌತಶಾಸ್ತ್ರ ತಗೊಳ್ಳುವ ಯೋಚನೆ ಇದ್ದರೆ ಆ ಜಾಗವನ್ನು ನೆನಪಿಟ್ಟುಕೊಳ್ಳಿ.