ಜಾಝ್ ಫ್ಯೂಷನ್ ಕೇಳೋಕೆ 'ಶಕ್ತಿ'ಯಿಂದಲೇ ಶುರು ಮಾಡಿ

ವಚನ ಗಾಯನ, ಹಿಂದೂಸ್ತಾನಿ ಕೇಳಿ ಬೆಳೆದ ನಿಮಗೆ ಜಾಝ್ ಫ್ಯೂಷನ್, ಅಂದ್ರೆ ಜಾಝ್‌ಗೆ ರಾಕ್‌ನಂಥ ಬೇರೆ ಸಂಗೀತ ಬೆರೆಸಿದ್ದು, ಬರೀ ಗದ್ದಲ ಅನಿಸಿದೆ. ಗಿಟಾರ್ ಮುಖ್ಯವಾಗಿರುವ ಯಾವ ಆಲ್ಬಂ ಮೊದಲು ಕೇಳಲಿ ಅಂತ ಕೇಳಿದ್ದೀರಿ. ನಾನು ರಾಯಚೂರಿನವನು, ನಮ್ಮ ಓಣಿಯ ಭಜನಾ ಮಂಡಳಿಯಲ್ಲಿ ತಬಲಾ ಬಾರಿಸುತ್ತೇನೆ. ನಾನು ಹೇಳೋದು ಒಂದೇ ಹೆಸರು, 1976ರಲ್ಲಿ ಬಂದ 'ಶಕ್ತಿ ವಿತ್ ಜಾನ್ ಮೆಕ್‌ಲಾಫ್ಲಿನ್'. ಶಕ್ತಿ ಅನ್ನೋದು ಗುಂಪಿನ ಹೆಸರು, ಮೆಕ್‌ಲಾಫ್ಲಿನ್ ಅದರ ಗಿಟಾರ್ ವಾದಕ.

ಮೆಕ್‌ಲಾಫ್ಲಿನ್ ಇಂಗ್ಲೆಂಡಿನವರು. ಅಮೆರಿಕದ ಹೆಸರಾಂತ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ನುಡಿಸಿದವರು. 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಅನ್ನೋ ಫ್ಯೂಷನ್ ತಂಡ ಕಟ್ಟಿ ಎಲೆಕ್ಟ್ರಿಕ್ ಗಿಟಾರಿನಲ್ಲಿ ಭಾರೀ ಹೆಸರು ಮಾಡಿದ್ದರು. ನಿಮಗೆ ಗದ್ದಲ ಅನಿಸಿದ್ದು ಬಹುಶಃ ಆ ಬಗೆಯ ಸಂಗೀತ. ಅಂಥವರು ಅದನ್ನೆಲ್ಲ ಬದಿಗಿಟ್ಟು, ಅಕೌಸ್ಟಿಕ್ ಗಿಟಾರ್ ಹಿಡಿದು ನಮ್ಮವರ ಜೊತೆ ಚಕ್ಕಳಮಕ್ಕಳ ಹಾಕಿ ಕೂತರು. ಪಿಟೀಲಿಗೆ ಎಲ್. ಶಂಕರ್, ತಬಲಾಕ್ಕೆ ಜಾಕಿರ್ ಹುಸೇನ್, ಘಟಕ್ಕೆ ವಿಕ್ಕು ವಿನಾಯಕರಾಮ್, ಮೃದಂಗಕ್ಕೆ ಆರ್. ರಾಘವನ್. ಡ್ರಮ್ಸ್ ಇಲ್ಲ, ಕೀಬೋರ್ಡ್ ಇಲ್ಲ.

ಇದರಲ್ಲಿ ಇರೋದು ಮೂರೇ ತುಣುಕು, ಮೂರೂ ಸಂಗೀತ ಕಛೇರಿಯಲ್ಲೇ ರೆಕಾರ್ಡ್ ಆದವು. ಮೊದಲು 'ಲೋಟಸ್ ಫೀಟ್' ಹಾಕಿ. ಐದು ನಿಮಿಷವೂ ಇಲ್ಲ, ತುಂಬಾ ನಿಧಾನ. ನಮ್ಮ ಕಡೆ ಪಂಡಿತ ಸಿದ್ದರಾಮ ಜಂಬಲದಿನ್ನಿ ಅವರ ಹಾಡು ಕೇಳಿದವರಿಗೆ ಈ ನಿಧಾನ ಹೊಸದೇನಲ್ಲ, ಅಲ್ವಾ?

ಆಮೇಲೆ 'ಜಾಯ್'. ಸುಮಾರು 18 ನಿಮಿಷ. ಗಿಟಾರ್, ಪಿಟೀಲು ಎರಡೂ ಒಂದೇ ಸ್ವರಗಳನ್ನು ಒಟ್ಟಿಗೆ, ಉಸಿರು ಬಿಡದೆ ನುಡಿಸುತ್ತವೆ. ಮೊದಲ ಸಲ ಗಿಟಾರಿನ ಬೆನ್ನು ಹತ್ತಬೇಡಿ, ಅಷ್ಟು ವೇಗದಲ್ಲಿ ಏನೂ ಕೈಗೆ ಸಿಗೋದಿಲ್ಲ. ತಬಲಾ, ಘಟದ ಕಡೆ ಕಿವಿ ಇಡಿ. ತೊಡೆ ಮೇಲೆ ತಾಳ ಹಾಕುತ್ತಾ ಸಮ, ಅಂದ್ರೆ ತಾಳದ ಮೊದಲ ಪೆಟ್ಟು, ಎಲ್ಲಿ ಬೀಳುತ್ತೆ ಅಂತ ಹುಡುಕಿ. ಸಮ ಸಿಕ್ಕಿತು ಅಂದ್ರೆ ಗದ್ದಲ ಅನ್ನೋ ಮಾತೇ ಇರೋದಿಲ್ಲ. ಗಿಟಾರ್ ಎಲ್ಲೆಲ್ಲೋ ಸುತ್ತಿ ಬಂದು ಸರಿಯಾಗಿ ಅಲ್ಲೇ ಇಳಿಯೋದು ಕೇಳಿಸುತ್ತೆ. ನನಗಂತೂ ಈಗಲೂ ಮೈ ಜುಮ್ಮೆನ್ನುತ್ತೆ.

ಈ ಗುಂಪಿಗಾಗಿಯೇ ಮೆಕ್‌ಲಾಫ್ಲಿನ್ ಬೇರೆ ಗಿಟಾರ್ ಮಾಡಿಸಿಕೊಂಡಿದ್ದರು. ಅದರ ಮೆಟ್ಟಿಲುಗಳ (ಫ್ರೆಟ್) ನಡುವಿನ ಮರವನ್ನು ತಗ್ಗಾಗಿ ಕೆತ್ತಿರುತ್ತದೆ. ಬೆರಳು ಮರಕ್ಕೆ ತಾಗೋದಿಲ್ಲ, ತಂತಿ ಸಲೀಸಾಗಿ ಎಳೆಯಬಹುದು, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುತ್ತೆ. ಜೊತೆಗೆ ಸಿತಾರಿನ ಹಾಗೆ ಏಳು ತರಫ್ ತಂತಿ, ಅಂದ್ರೆ ಬೇರೆ ತಂತಿ ನುಡಿದಾಗ ತಾವೂ ಮಿಡಿಯುವ ತಂತಿ.

ಶಂಕರ್ ಮಹಾದೇವನ್ ಹಾಡಿರುವ, ಶಕ್ತಿಯದೇ 2023ರ ಆಲ್ಬಂ 'ದಿಸ್ ಮೊಮೆಂಟ್' ಕೇಳೋಕೆ ಸುಲಭ, ಅದಕ್ಕೆ ಗ್ರ್ಯಾಮಿಯೂ ಬಂತು. ಆದರೂ ಹಳೆಯದನ್ನೇ ಮೊದಲು ಕೇಳಿ. ಅಲ್ಲಿ ಗಾಯಕರಿಲ್ಲ, ಹಾಡಬೇಕಾದ್ದೆಲ್ಲ ತಂತಿಗಳೇ ಹಾಡಬೇಕು.

ಅರ್ಧ ಗಂಟೆಯ ಮೂರನೇ ತುಣುಕಿಗೆ ಅವಸರ ಬೇಡ. ಅದೂ ಹಿಡಿಸಿದರೆ ಮಹಾವಿಷ್ಣುವಿನ 'ಬರ್ಡ್ಸ್ ಆಫ್ ಫೈರ್' (1973) ಹಾಕಿ. ಅದರ ಮೊದಲ ತುಣುಕಿನ ತಾಳ 18 ಎಣಿಕೆಯ ಲೆಕ್ಕದಲ್ಲಿದೆ, ಕೈಯಲ್ಲಿ ಎಣಿಸುತ್ತಾ ಕೇಳಿ.