ಕಾರ್ಯಾಗಾರದಲ್ಲಿ ಶಾಲಾ ಮಕ್ಕಳಿಗೆ ಬೇಸರವಾಗದ ಹಾಗೆ ಕರ್ನಾಟಕ ಸಂಗೀತ ಪರಿಚಯಿಸುವುದು ಹೇಗೆ?

ಮೊದಲು ಮಕ್ಕಳಿಂದಲೇ ಒಂದು ಸಾಲು ಕಟ್ಟಿಸಿ, ಆಮೇಲೆ ಹಾಡು ಕೇಳಿಸಿ. ತಾನೇ ಒಂದು ಸಾಲು ಕಟ್ಟಿ ಹಾಡಿದ ಮಗು, ದೊಡ್ಡವರು ಅದೇ ಸ್ವರಗಳಲ್ಲಿ ಏನು ಮಾಡಿದ್ದಾರೆ ಅಂತ ಕಿವಿಗೊಟ್ಟು ಕೇಳುತ್ತದೆ. ಸುಮ್ನೆ ಕೂರಿಸಿ ಕೇಳಿಸಿದರೆ ಆ ಕುತೂಹಲ ಹುಟ್ಟುವುದು ಕಷ್ಟ.

ಇದಕ್ಕೆ ಮೋಹನ ರಾಗ ತುಂಬಾ ಒಳ್ಳೆಯದು. ಅದರಲ್ಲಿರುವುದು ಸ, ರಿ, ಗ, ಪ, ದ, ಈ 5 ಸ್ವರಗಳು ಮಾತ್ರ. ತೀರಾ ಹತ್ತಿರ ಹತ್ತಿರದ ಎರಡು ಸ್ವರಗಳು ಇದರಲ್ಲಿಲ್ಲ. ಹಾಗಾಗಿ ಮಕ್ಕಳು ಹೇಗೆ ಜೋಡಿಸಿದರೂ ಕಿವಿಗೆ ಅಷ್ಟಾಗಿ ಚುಚ್ಚುವುದಿಲ್ಲ. ತಪ್ಪಾಗುತ್ತದೆ ಅನ್ನೋ ಹೆದರಿಕೆ ಅಲ್ಲೇ ಅರ್ಧ ಹೋಗುತ್ತದೆ.

ಶುರುವಿಗೆ ಆದಿತಾಳದ 8 ಎಣಿಕೆ ಕೈಯಲ್ಲಿ ಹಾಕಿಸಿ: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಬೆರಳು, ಮತ್ತೆ ಪೆಟ್ಟು-ಹುಸಿ ಎರಡು ಸಲ. ಹುಸಿ ಅಂದರೆ ಅಂಗೈ ಮೇಲೆ ಮಾಡಿ ಬೀಸುವುದು. ‘ನಮ್ಮೂರಲ್ಲಿ ಮಳೆ ಬಂತು’ ಥರದ ಅವರದೇ ಮಾತನ್ನು ಅದರೊಳಗೆ ಕೂರಿಸಲು ಹೇಳಿ. ನಂತರ ಅದಕ್ಕೆ ಸ್ವರ ಹುಡುಕಲಿ. ಕೊನೆಗೆ ನೀವು ಅದೇ ರಾಗದ ಒಂದು ಚಿಕ್ಕ ಗೀತೆ ಹಾಡಿ.

ಒಂದು ಮಾತು: ಗಂಡಸರ ತಗ್ಗಿನ ಶ್ರುತಿಗೆ ಮಕ್ಕಳನ್ನು ದಯವಿಟ್ಟು ಎಳೆಯಬೇಡಿ. ಅವರ ಗಂಟಲಿಗೆ ಸಲೀಸಾದ ಶ್ರುತಿ ಇಟ್ಟುಕೊಳ್ಳಿ.