ಮೇ ತಿಂಗಳ ಮಲೆನಾಡು: ಕೊಡಚಾದ್ರಿ ಬಿಡಿ, ಕುಂದಾದ್ರಿ ಹಿಡಿಯಿರಿ

ನಮಸ್ಕಾರ. ಮಂಡಿನೋವಿರುವ ಅತ್ತೆಯವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಮೇ ಮೊದಲ ವಾರ ನಾಲ್ಕು ದಿನಗಳಲ್ಲಿ ಜೋಗ, ಆಗುಂಬೆ, ಕೊಡಚಾದ್ರಿ ಮೂರನ್ನೂ ನೋಡಬಹುದೇ ಎಂದು ಕೇಳಿದ್ದೀರಿ.

ಕೊಡಚಾದ್ರಿಯನ್ನು ದಯವಿಟ್ಟು ಕೈಬಿಡಿ. ಬೆಟ್ಟದ ಮೇಲಿನ ಆ ಜೀಪಿನ ದಾರಿಯ ಕುಲುಕಾಟ ಅತ್ತೆಯವರಿಗೆ ಖಂಡಿತ ಆಗದು. ಆಗುಂಬೆಯ ಹತ್ತಿರದ ಕುಂದಾದ್ರಿಗಾದರೆ ಕಾರು ಬಹುತೇಕ ತುದಿಯವರೆಗೂ ಹೋಗುತ್ತದೆ. ಕೊನೆಗೆ ಸ್ವಲ್ಪ ಮೆಟ್ಟಿಲು, ಮೇಲೆ ಬಂಡೆ, ಕೊಳ, ಹಳೆಯ ಜೈನ ಬಸದಿ. ಜೋಗವೂ ಈ ಸಲ ಬೇಡವೆನ್ನುತ್ತೇನೆ. ಶರಾವತಿಯ ನೀರು ಲಿಂಗನಮಕ್ಕಿಯಲ್ಲಿ ನಿಂತಿರುತ್ತದೆ, 253 ಮೀಟರ್ ಎತ್ತರದ ಬಂಡೆಯಲ್ಲಿ ಬೇಸಿಗೆಗೆ ತೆಳುವಾದ ಎಳೆಗಳಷ್ಟೇ ಉಳಿಯುತ್ತವೆ. ಮಳೆಗಾಲಕ್ಕೆ ಇನ್ನೊಮ್ಮೆ ಬನ್ನಿ.

ತೀರ್ಥಹಳ್ಳಿಯ ಸುತ್ತ ಒಂದೇ ಹೋಂಸ್ಟೇ ಹಿಡಿದು ಅಲ್ಲಿಂದಲೇ ಓಡಾಡಿ. ಶಿವಮೊಗ್ಗದಿಂದ ಬರುವ ದಾರಿಯಲ್ಲೇ ಸಕ್ರೆಬೈಲು ಆನೆ ಬಿಡಾರವಿದೆ. ಬೆಳಿಗ್ಗೆಯೇ ತಲುಪಿದರೆ ತುಂಗೆಯ ಹಿನ್ನೀರಿನಲ್ಲಿ ಆನೆಗಳ ಸ್ನಾನ ನೋಡಬಹುದು, ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಗೆ ಅರ್ಧ ದಿನ ಇಡಿ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬದ ಕ್ಯಾಸನೂರು ಕಾಡಿನಲ್ಲಿ. ಇಂದಿಗೂ ಬೇಸಿಗೆಯಲ್ಲಿ ಕಾಡಿನ ಉಣುಗುಗಳಿಂದ ಹರಡುತ್ತದೆ. ಮಕ್ಕಳನ್ನು ಒಣಗಿದ ತರಗೆಲೆಯಲ್ಲಿ ಆಡಲು ಬಿಡಬೇಡಿ. ತುಂಬುತೋಳಿನ ಬಟ್ಟೆ ಹಾಕಿಸಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಮನೆಗೆ ಮರಳಿದ ಮೇಲೆ ಯಾರಿಗಾದರೂ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ.